ಅಕ್ಕನ ಮೊದಲ ಬೆಟ್ಟ

ಅಕ್ಕನ ಮಗ ದುಂಝಿ ಅಂಗಳದಲ್ಲಿ ಕೂತು ತಾಯಿಯ ಕಾಲು ತೊಳೆದ ದಿನವೇ ನನಗೆ ಏನೋ ವಾಸನೆ ಬಡಿದಿತ್ತು. ಅತಿ ವಿನಯ ಧೂರ್ತನ ಲಕ್ಷಣ ಎಂದು ತಿಳಿದವರು ಸುಮ್ಮನೆ ಹೇಳಿಲ್ಲ.

ಗೋರಿ ಗುಡಿಸುವ ಚಿಂಗ್‌ಮಿಂಗ್ ಹಬ್ಬ ಹತ್ತಿರ ಬಂದಿತ್ತು. ನಮ್ಮ ಹೆನಾನ್ ಪ್ರಾಂತ್ಯದಲ್ಲಿ ಆ ಹೊತ್ತಿಗೆ ಗೋಧಿ ಹಸಿರಾಗಿರುತ್ತದೆ, ಆದರೆ ಬೆಳಗಿನ ಚಳಿ ಇನ್ನೂ ಮೂಳೆ ಬಿಡುವುದಿಲ್ಲ. ಅಂಥ ಚಳಿಯಲ್ಲಿ ಈ ಮಹರಾಯ ಜಿಲ್ಲಾ ಪಟ್ಟಣದಿಂದ ಕಾರಿನಲ್ಲಿ ಬಂದಿಳಿದು, ಪ್ಲಾಸ್ಟಿಕ್ ಟಬ್ಬಿಗೆ ನಲ್ಲಿ ನೀರು ತುಂಬಿ, ನನ್ನ ಅಕ್ಕ ಸೂಯಿಂಗ್‌ಳ ಕಾಲನ್ನು ಅದರೊಳಗೆ ಅದ್ದಿದ. ಕಾಯಿಸಿದ ನೀರಲ್ಲ, ತಣ್ಣೀರು. ಒಲೆ ಅಲ್ಲೇ ಉರಿಯುತ್ತಿತ್ತು. ಅವನ ಹೆಂಡತಿ ಯಾಲಿ ಮೊಬೈಲು ಹಿಡಿದು ಸುತ್ತ ಸುತ್ತುತ್ತಿದ್ದಳು.

"ಅತ್ತೆ, ಒಂಚೂರು ನಗಿ. ಅಳೋ ಥರ ನಗ್ಬೇಕು, ಗೊತ್ತಾಯ್ತಾ? ರೀ, ಇನ್ನೊಂದ್ಸಲ ತೊಳೀರಿ. ಬೆಳಕು ಸರಿ ಬರ್ಲಿಲ್ಲ."

ಹೀಗೆ ಒಂದೇ ಕಾಲು ಎರಡು ಸಲ ತೊಳೆಸಿಕೊಂಡಿತು. ಹಿಮ್ಮಡಿಯ ಬಿರುಕಿಗೆ ಅವನ ಬೆರಳು ತಾಕಲೇ ಇಲ್ಲ. ವಿಡಿಯೊ ಮುಗಿದದ್ದೇ ಎದ್ದು ನಿಂತು, ಜೇಬಿನಿಂದ ಕಾಗದದ ಕರವಸ್ತ್ರ ತೆಗೆದು ತನ್ನ ಕೈ ಒರೆಸಿಕೊಂಡ. ಒಂದು ಸಾಲದೆ ಇನ್ನೊಂದು. ಅಕ್ಕನ ಕಾಲು ಟಬ್ಬಿನಲ್ಲೇ ನೆನೆಯುತ್ತಿತ್ತು. ಟವೆಲು ತಂದು ಒರೆಸಿದವಳು ನಾನು. ಹೆತ್ತವಳ ಕಾಲು ಮುಟ್ಟಿದ ಕೈಯನ್ನು ಹಾಗೆ ಉಜ್ಜಿಕೊಳ್ಳುವವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಅಮ್ಮ, ನೀನು ಬೆಟ್ಟದ ಯಾತ್ರೆಗೆ ಹೋಗ್ಬೇಕು ಅಂತಿದ್ದೆಯಲ್ಲ? ಈ ಸಲ ನಾನೇ ಕರ್ಕೊಂಡು ಹೋಗ್ತೀನಿ" ಎಂದ ದುಂಝಿ.

ಅಕ್ಕನ ಮುಖ ಅರಳಿದ್ದನ್ನು ಏನು ಹೇಳಲಿ. ಅವಳಿಗೆ ಎಪ್ಪತ್ಮೂರು. ಎಪ್ಪತ್ಮೂರು, ಎಂಬತ್ನಾಲ್ಕು ಎರಡೂ ಯಮ ಕರೆಯದಿದ್ದರೂ ಮನುಷ್ಯ ತಾನೇ ಎದ್ದು ಹೋಗುವ ವಯಸ್ಸು ಎಂಬ ಮಾತು ನಮ್ಮಲ್ಲಿದೆ. ಇಷ್ಟು ವರ್ಷದಲ್ಲಿ ಅವಳು ಜಿಲ್ಲಾ ಆಸ್ಪತ್ರೆ ದಾಟಿ ಆಚೆ ಹೋದವಳಲ್ಲ. ಮಂಡಿ ನೋವು ಬೇರೆ. ಒಂದೇ ಒಂದು ಬೆಟ್ಟ. ಅದಕ್ಕಿಂತ ಹೆಚ್ಚು ಅವಳ ಕಾಲು ತಡೆಯುತ್ತಿರಲಿಲ್ಲ. ಅದೂ ಅಲ್ಲದೆ, ಒಂದು ಬೆಟ್ಟಕ್ಕೆ ಮೊದಲ ಸಲ ತಲೆ ಬಾಗಿಸಿದ ಮೇಲೆ ಮೂರು ವರ್ಷ ಬಿಡದೆ ಅಲ್ಲಿಗೇ ಹೋಗಬೇಕು, ನಡುವೆ ಬೇರೆ ಬೆಟ್ಟದ ಕಡೆ ಕಣ್ಣೆತ್ತಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ಮುದುಕಿಯರು ಮೊದಲ ಬೆಟ್ಟವನ್ನು ಮಗಳಿಗೆ ಗಂಡು ನೋಡಿದಷ್ಟು ಹುಷಾರಾಗಿ ಆರಿಸುತ್ತಾರೆ.

ಅಕ್ಕ ಆರಿಸಿ ಆಗಿತ್ತು. ಜ್ಯುಹುವಾ. ದಿಜಾಂಗ್ ಬೋಧಿಸತ್ವನ ಬೆಟ್ಟ. ನರಕದಲ್ಲಿ ಒಂದು ಜೀವ ಉಳಿದಿದ್ದರೂ ನಾನು ಮೇಲೆ ಹೋಗುವುದಿಲ್ಲ ಎಂದು ಅಲ್ಲೇ ಕೂತವನು ಅವನು.

ಕಾರಣ ನನ್ನ ಭಾವ. ಬಿಯನ್ ದಾಶಾನ್ ಎಂದರೆ ಸುತ್ತಲಿನ ಹಳ್ಳಿಗೆಲ್ಲ ಗೊತ್ತಿದ್ದ ಕಟುಕ. ಜೀವಮಾನವೆಲ್ಲ ಹಂದಿ ಕೊಯ್ದ. ತಮಾಷೆಯ ಮನುಷ್ಯ. ನಾನು ಪಕ್ಕದ ಓಣಿಯಲ್ಲಿ ತೋಫು ಮಾಡಿ ಮಾರುವವಳು. "ಏನೇ ಲಾನ್, ನಿನ್ನ ತೋಫು ಕೊಯ್ದರೆ ಕೂಗೋದೂ ಇಲ್ಲ, ಅದೇನು ವ್ಯಾಪಾರವೇ" ಎಂದು ರೇಗಿಸುತ್ತಿದ್ದ. ಆದರೆ ಕೊನೆಯ ವಾರ ಹಾಸಿಗೆಯಲ್ಲಿ ಮಲಗಿದಾಗ ಎರಡೂ ಕಿವಿ ಮುಚ್ಚಿಕೊಂಡು, "ಅವನ್ನ ಸುಮ್ಮನಿರ್ಸು ಸೂಯಿಂಗ್, ಎಷ್ಟೊಂದು ಕೂಗ್ತಾವೆ" ಎಂದು ಬೇಡಿಕೊಳ್ಳುತ್ತಿದ್ದ. ಮನೆಯಲ್ಲಿ ಆಗ ಒಂದು ಹಂದಿಯೂ ಇರಲಿಲ್ಲ. ಅಕ್ಕ ಅದನ್ನು ಮರೆಯಲಿಲ್ಲ. ಸತ್ತವನ ವಿಚಾರಣೆ ಹತ್ತು ಮಂದಿ ಯಮರಲ್ಲಿ ಒಬ್ಬನಿಂದ ಇನ್ನೊಬ್ಬನ ಮುಂದೆ ಹೋಗುತ್ತಾ ಹೋಗುತ್ತಾ ಮೂರನೇ ವರ್ಷಕ್ಕೆ ಹತ್ತನೆಯವನ ಮುಂದೆ ಮುಗಿಯುತ್ತದೆ. ಆಮೇಲೆ ಯಾರು ಬೇಡಿದರೂ ಪ್ರಯೋಜನವಿಲ್ಲ. ಭಾವ ತೀರಿಕೊಂಡದ್ದು ಚಿಂಗ್‌ಮಿಂಗಿನ ಮಾರನೆಯ ದಿನ. ಈ ಚಿಂಗ್‌ಮಿಂಗಿಗೆ ಮೂರು ವರ್ಷ ತುಂಬುತ್ತಿತ್ತು. ಅಷ್ಟರೊಳಗೆ ಅವಳು ದಿಜಾಂಗನ ಮುಂದೆ ನಿಂತು ಗಂಡನಿಗಾಗಿ ಬೇಡಬೇಕಿತ್ತು. ಇದಿಷ್ಟೇ ಅವಳ ಆಸೆ.

ಆ ರಾತ್ರಿ ಊಟಕ್ಕೆ ಕೂತಾಗ ದುಂಝಿ ಶುರುಮಾಡಿದ.

"ಜ್ಯುಹುವಾ ಯಾಕಮ್ಮ? ಅದು ಸತ್ತೋರ ಬೆಟ್ಟ. ಹಬ್ಬದ ಮುಂದೆ ಯಾರಾದ್ರೂ ಅಲ್ಲಿಗೆ ಹೋಗ್ತಾರಾ? ವೂತೈಗೆ ಹೋಗೋಣ."

"ಪುಟುವೊಗೆ ಹೋಗ್ಬಹುದಲ್ಲ" ಎಂದು ಯಾಲಿ ನೂಡಲ್ಸು ಸೊರ್ರೆಂದು ಎಳೆದುಕೊಳ್ಳುತ್ತಲೇ ಹೇಳಿದಳು. "ಸಮುದ್ರ ಇದೆ. ಫೋಟೊ ಚೆನ್ನಾಗಿ ಬರುತ್ತೆ. ಏಡಿ ಸಿಗುತ್ತೆ."

"ಕರುಣೆಯ ತಾಯಿ ಗುವಾನ್‌ಯಿನ್ ಬೆಟ್ಟಕ್ಕೆ ಹೋಗಿ ಏಡಿ ತಿಂತೀಯೇನೇ?" ಎಂದೆ ನಾನು.

"ಬೆಟ್ಟ ಇಳಿದ್ಮೇಲೆ ಚಿಕ್ಕತ್ತೆ."

ದುಂಝಿ ಅವಳ ಕಡೆ ಒಂದು ನೋಟ ಬಿಟ್ಟ. ಅವಳು ಬಾಯಿ ಮುಚ್ಚಿದಳು. ಅವನು ತಾಯಿಯ ಬಟ್ಟಲಿಗೆ ಒಂದು ಮೊಟ್ಟೆ ಹಾಕಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡಿದ: "ನೋಡಮ್ಮ, ಬೋಧಿಸತ್ವರ ನಾಲ್ಕು ಬೆಟ್ಟಕ್ಕೂ ವೂತೈಯೇ ಹಿರಿಯಣ್ಣ. ಮಂಜುಶ್ರೀ ಇರೋ ಜಾಗ. ದಿಜಾಂಗ್‌ಗೂ ಅಲ್ಲಿ ಗುಡಿ ಇದೆ. ಅವರೆಲ್ಲ ಒಂದೇ ಕಚೇರಿಯೋರು. ಅರ್ಜಿ ಎಲ್ಲಿ ಕೊಟ್ರೂ ಒಂದು ಮೇಜಿಂದ ಇನ್ನೊಂದು ಮೇಜಿಗೆ ಹೋಗುತ್ತೆ."

"ನಿಮ್ಮ ಕಚೇರಿಲಿ ಹೋಗುತ್ತೇನೋ?" ಎಂದೆ.

ಯಾಲಿ ಫಕ್ಕನೆ ನಕ್ಕಳು. ಅವನು ನಗಲಿಲ್ಲ. ಹೋದ ಚಳಿಗಾಲದಲ್ಲಿ ಅವನಿಗೆ ಬಡ್ತಿ ಸಿಕ್ಕಿ ಸರ್ಕಾರಿ ಕಚೇರಿಯ ಉಪನಿರ್ದೇಶಕನಾಗಿದ್ದ. ಅಂದಿನಿಂದ ಕಚೇರಿಯ ಬಗ್ಗೆ ತಮಾಷೆ ಮಾಡಿದರೆ ಅವನ ಕತ್ತು ಉಬ್ಬುತ್ತಿತ್ತು. ಕಟುಕನ ಮಗ ಎಂದು ಯಾರಾದರೂ ಅಂದರೂ ಹಾಗೆಯೇ.

ಅಕ್ಕ ಮೆಲ್ಲಗೆ, "ಅಪ್ಪನ ಮೂರನೇ ವರ್ಷ ಕಣೋ. ಅದಕ್ಕೆ ಜ್ಯುಹುವಾನೇ..." ಎಂದಳು.

"ಅಪ್ಪನಿಗೆ ವೂತೈಲೇ ದೀಪ ಹಚ್ಚಿಸ್ತೀನಿ. ನನ್ನ ಮಾತಿಗೆ ಬೆಲೆ ಇಲ್ವಾ ಅಮ್ಮ? ನಾನು ನಿನ್ನನ್ನ ಏನಾದ್ರೂ ಕೇಳಿದೀನಾ ಇಷ್ಟು ವರ್ಷದಲ್ಲಿ?" ಎಂದು ಅವಳ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು ಬೇರೆ. ಎಲ್ಲಿಂದ ತರಿಸಿಕೊಳ್ಳುತ್ತಾರೋ ಇವರು.

ಪಾತ್ರೆ ತೊಳೆಯುವಾಗ ನಾನು ಅಕ್ಕನಿಗೆ ಛೀಮಾರಿ ಹಾಕಿದೆ. "ನಿನಗೆ ಮಾನ ಇದ್ಯಾ? ಮೂರು ವರ್ಷದಿಂದ ಜ್ಯುಹುವಾ ಜ್ಯುಹುವಾ ಅಂತ ನನ್ನ ಕಿವಿ ತೂತು ಮಾಡಿದೆ. ಅವನು ಒಂದು ಮೊಟ್ಟೆ ಹಾಕಿದ್ದಕ್ಕೆ ಬೆಟ್ಟಾನೇ ಬದಲಾಯಿಸ್ತೀಯಾ?"

"ಅವನಾಗೇ ಬಾಯ್ಬಿಟ್ಟು ಕರೆದಿದಾನೆ ಲಾನ್. ಇದೇ ಮೊದಲು. ಇಲ್ಲ ಅಂದ್ರೆ ಇನ್ನೊಂದ್ಸಲ ಕರೀತಾನಾ?"

ನಾನೂ ಬರುತ್ತೇನೆ, ಇಲ್ಲದಿದ್ದರೆ ನೀನೂ ಹೋಗಕೂಡದು ಎಂದು ಹಟ ಹಿಡಿದೆ. ದುಂಝಿಗೆ ಅದು ಹಿಡಿಸಲಿಲ್ಲ. ಆದರೂ ಒಪ್ಪಿದ.

ವೂತೈಗೆ ಹೋದದ್ದು ಅವನ ಕಾರಿನಲ್ಲಿ. ಬೆಟ್ಟದ ಮೇಲೆ ಇನ್ನೂ ಮಂಜು ಇತ್ತು. ಕಣಿವೆಯ ಪೇಟೆ ತಲುಪುವ ಮೊದಲೇ ದುಂಝಿ ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಮೂಗಿನವರೆಗೆ ಮಾಸ್ಕು ಏರಿಸಿಕೊಂಡ. ಬ್ಯಾಂಕಿಗೆ ಕನ್ನ ಹಾಕಲು ಬಂದವನ ಹಾಗೆ ಕಾಣುತ್ತಿದ್ದ.

"ಚಳಿ ಚಿಕ್ಕಮ್ಮ" ಎಂದ, ನಾನು ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಅವನು ಆಳುವ ಪಕ್ಷದ ಸದಸ್ಯ; ಆ ಪಕ್ಷದವರು ದೇವರನ್ನು ನಂಬಕೂಡದು. ದೇವರಿಗೆ ಊದುಬತ್ತಿ ಹಚ್ಚಿ ಸಿಕ್ಕಿಬಿದ್ದರೆ ಕುರ್ಚಿಗೇ ಸಂಚಕಾರ. ಅದು ನನಗೂ ಗೊತ್ತು, ಎಲ್ಲರಿಗೂ ಗೊತ್ತು. ತಾಯಿಯ ಸಲುವಾಗಿ ಪಾಪ ಇಷ್ಟು ಅಪಾಯ ಮೈಮೇಲೆ ಹಾಕಿಕೊಂಡಿದ್ದಾನೆ ಎಂದು ಅಕ್ಕ ದಾರಿಯುದ್ದಕ್ಕೂ ಕರಗಿ ನೀರಾಗಿದ್ದಳು.

ಹೋಟೆಲಿನಲ್ಲಿ ಸಸ್ಯಾಹಾರದ ಔತಣ ಹೇಳಿದ. ಮೇಜಿನ ಮೇಲೆ ಬಂದದ್ದು ನೋಡಿದರೆ ಮೀನು, ಹಂದಿಯ ಪಕ್ಕೆಲುಬು, ಕೋಳಿಕಾಲು. ಎಲ್ಲವೂ ತೋಫುವಿನದೇ. ಪಕ್ಕೆಲುಬಿನ ಮೂಳೆ ಇರಬೇಕಾದಲ್ಲಿ ತಾವರೆ ಬೇರಿನ ಕಡ್ಡಿ. ಮೇಲೆ ಎಣ್ಣೆ ಜಿನುಗುವ ಕೆಂಪು ಗೊಜ್ಜು. ಜೀವನವಿಡೀ ತೋಫು ಮಾಡಿದವಳು ನಾನು. ತೋಫುವಿಗೆ ಇಂಥ ಅವಮಾನ ಆದದ್ದನ್ನು ನೋಡಿರಲಿಲ್ಲ. ಮಾಂಸ ಬೇಕಿದ್ದರೆ ಮಾಂಸ ತಿನ್ನಿ, ಬೇಡವಾದರೆ ಬಿಡಿ. ಬಾಯಲ್ಲಿ ವ್ರತ, ಕಣ್ಣಲ್ಲಿ ಕಸಾಯಿಖಾನೆ. ಅಕ್ಕ ಆ ಪಕ್ಕೆಲುಬನ್ನು ನೋಡಿ ಊಟದ ಕಡ್ಡಿಗಳನ್ನು ಕೆಳಗಿಟ್ಟಳು. ಬರೀ ಗಂಜಿ ಕುಡಿದಳು. ದುಂಝಿ ಚಪ್ಪರಿಸಿ ಚಪ್ಪರಿಸಿ ತಿಂದ, ಗೊಜ್ಜು ಗಲ್ಲಕ್ಕೆ ಇಳಿಯಿತು.

ಮರುದಿನ ಬೆಳಿಗ್ಗೆ ಅಕ್ಕ ತಲೆ ಬಾಚಿ, ಹೊಸ ನೀಲಿ ಕೋಟು ತೊಟ್ಟು ಕೂತಿದ್ದಳು. "ಮೊದಲು ದಿಜಾಂಗ್ ಗುಡಿಗೆ ಹೋಗೋಣ್ವೇನೋ?"

"ಮೊದಲು ಐದನೇ ದೊರೆ ಹತ್ರ ಅಮ್ಮ. ಇಲ್ಲಿ ಎಲ್ಲರೂ ಹಾಗೇ ಮಾಡೋದು."

ಐದನೇ ದೊರೆ ಎಂದರೆ ಅಲ್ಲಿನ ನಾಗರಾಜ. ಬೇಡಿದ್ದು ತಕ್ಷಣ ಕೊಡುತ್ತಾನೆಂದು ಹೆಸರು. ವ್ಯಾಪಾರದವರು, ಕುರ್ಚಿಯವರು, ಕುರ್ಚಿಗೆ ಆಸೆಪಟ್ಟವರು ಅವನ ಗುಡಿಗೇ ನುಗ್ಗುತ್ತಾರೆ. ಅವನಿಗೆ ಆಟವೆಂದರೆ ಪ್ರಾಣ. ಅದಕ್ಕೇ ಗುಡಿಯ ಎದುರಿಗೇ ರಂಗಸ್ಥಳ. ಹರಕೆ ಈಡೇರಿದವರು ಮೇಳದವರಿಗೆ ಹಣ ಕಟ್ಟಿ ಆಟ ಆಡಿಸುತ್ತಾರೆ. ಗುಡಿಯ ಮುಂದೆ ಜನ ಒಬ್ಬರ ಬೆನ್ನ ಮೇಲೊಬ್ಬರು. ತೋಳಿನಷ್ಟು ದಪ್ಪದ ಊದುಬತ್ತಿ ಹೊತ್ತವರು ಮೊಣಕೈಯಿಂದ ಮುದುಕಿಯರನ್ನು ತಿವಿದು ಮುಂದೆ ಹೋಗುತ್ತಿದ್ದರು. ಒಬ್ಬ ಹೊಗೆ ನುಂಗಿ ಕೆಮ್ಮಿ, ಕ್ಯಾಕರಿಸಿ, ಅಲ್ಲೇ ಉಗುಳಿ, ಅದೇ ಜಾಗದಲ್ಲಿ ಮಂಡಿಯೂರಿದ. ದೇವರ ಬಾಗಿಲಲ್ಲಿ ಉಗುಳ್ತೀಯಾ ಎಂದು ನಾನು ಅವನನ್ನು ಬೈದೆ.

ದುಂಝಿ ನಮ್ಮಿಬ್ಬರನ್ನು ಜನರ ನಡುವೆ ನೂಕಿಕೊಂಡು ಹೋಗಿ ರಂಗಸ್ಥಳದ ಮುಂದಿನ ಸಾಲಿನಲ್ಲಿ ಕೂರಿಸಿದ. ತಾನು ಮಾತ್ರ ದೂರದ ಕಂಬದ ಹಿಂದೆ ಹೋಗಿ ನಿಂತ. ಯಾಲಿ ಮೊಬೈಲು ತೆಗೆದಳು. ಅವನು ಅಲ್ಲಿಂದಲೇ ಕೈಯಾಡಿಸಿದ, ಬೇಡ ಎಂದು. ಕಾಲು ತೊಳೆಯುವುದನ್ನು ಊರಿಗೆಲ್ಲ ತೋರಿಸಿದವನಿಗೆ ಇಲ್ಲಿ ಏಕೆ ವಿಡಿಯೊ ಬೇಡ ಎಂದು ನಾನು ಯೋಚಿಸುತ್ತಿರುವಾಗಲೇ ತಾಳ, ಡೋಲು ನಿಂತವು. ಮೇಳದ ಒಬ್ಬ ಗಂಡಸು ಮೈಕು ಹಿಡಿದು ಮುಂದೆ ಬಂದ.

"ಇವತ್ತಿನ ಹರಕೆ ಆಟ ಆಡಿಸ್ತಿರೋರು ಹೆನಾನ್ ಪ್ರಾಂತ್ಯದ ಅಜ್ಜಿ ಲುವಾನ್ ಸೂಯಿಂಗ್! ಹೋದ ವರ್ಷ ಚಿಂಗ್‌ಮಿಂಗಿನ ಮಾರನೇ ದಿನ ಇದೇ ಗುಡೀಲಿ ನಿಂತು ದೊರೇನ ಬೇಡ್ಕೊಂಡಿದ್ರು. ದೊರೆ ನಡೆಸಿಕೊಟ್ಟಿದಾನೆ. ಅಜ್ಜಿ, ಬನ್ನಿ, ದೊರೆಗೆ ತಲೆ ಬಾಗಿಸಿ ಋಣ ತೀರಿಸ್ಕೊಳ್ಳಿ!"

ಜನ ಚಪ್ಪಾಳೆ ತಟ್ಟಿದರು. ಅಕ್ಕ ಸುತ್ತಮುತ್ತ ನೋಡಿದಳು, ಅದೇ ಹೆಸರಿನ ಬೇರೆ ಮುದುಕಿ ಏಳುತ್ತಾಳೇನೋ ಎಂದು. ಯಾರೂ ಏಳಲಿಲ್ಲ.

"ಲಾನ್, ನಾನು ಯಾವಾಗ ಬಂದಿದ್ದೆ ಇಲ್ಲಿಗೆ?"

"ನೀನೆಲ್ಲಿ ಬಂದಿದ್ದೆ. ಆ ದಿನ ನಾವಿಬ್ರೂ ಭಾವನ ಗೋರಿ ಹತ್ರ ಕಾಗದದ ದುಡ್ಡು ಸುಡ್ತಾ ಇದ್ವಿ."

"ಅವನ ಎರಡನೇ ವರ್ಷ" ಎಂದಳು ಅಕ್ಕ. "ದುಂಝಿ ಬಂದಿರ್ಲಿಲ್ಲ. ರಾಜಧಾನೀಲಿ ಮೀಟಿಂಗ್ ಇದೆ ಅಂದಿದ್ದ."

ಇಬ್ಬರೂ ಒಟ್ಟಿಗೇ ಕಂಬದ ಕಡೆ ತಿರುಗಿದೆವು. ಅವನು ಬೇಗ ಬೇಗ ತಲೆಯಾಡಿಸುತ್ತಿದ್ದ, ಹೋಗು ಹೋಗು ಎಂದು. ಅಕ್ಕ ಕದಲದೆ ಇದ್ದಾಗ ಬಗ್ಗಿಕೊಂಡು ನಮ್ಮ ಹತ್ತಿರ ಬಂದ.

"ಅಮ್ಮ, ಸುಮ್ನೆ ಹೋಗಿ ತಲೆ ಬಗ್ಗಿಸಿ ಬಾ. ಎಲ್ಲರೂ ನೋಡ್ತಿದಾರೆ."

"ನಾನೇನು ಬೇಡ್ಕೊಂಡೆ?"

"ಆಮೇಲೆ ಹೇಳ್ತೀನಿ."

"ಈಗ ಹೇಳು."

ಮಾಸ್ಕಿನೊಳಗಿಂದ ಅವನ ಉಸಿರು ಬುಸುಗುಟ್ಟಿತು. "ಬಡ್ತಿ. ನನ್ನ ಬಡ್ತಿ. ನನ್ನ ಹೆಸರಲ್ಲಿ ಹರಕೆ ಹೊತ್ರೆ ಯಾರಾದ್ರೂ ನೋಡ್ತಾರೆ, ಕೆಲಸ ಹೋಗುತ್ತೆ. ನಿನ್ನ ಹೆಸರು ಹೇಳ್ದೆ. ನಿನಗೇನು ಕಷ್ಟ ಅಮ್ಮ? ನಿನ್ನನ್ನ ಯಾರು ಕೇಳ್ತಾರೆ? ಹೆಸರು ನಿಂದಾದ್ಮೇಲೆ ತೀರಿಸೋಕೆ ನೀನೇ ಬರ್ಬೇಕು, ಇಲ್ಲಾಂದ್ರೆ ದೊರೆ ಕೊಟ್ಟಿದ್ದನ್ನ ಕಿತ್ಕೋತಾನೆ. ಅದಕ್ಕೇ ಕರ್ಕೊಂಡು ಬಂದೆ. ಖರ್ಚೆಲ್ಲ ನಂದೇ ತಾನೇ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಪ್ಪನ ತಿಥಿಯ ದಿನ ಅಪ್ಪನ ಗೋರಿಗೆ ಬೆನ್ನು ಹಾಕಿ, ಅವ್ವನ ಹೆಸರನ್ನು ಇಲ್ಲಿ ತಂದು ಅಡವಿಟ್ಟಿದ್ದ. ಥೂ! ಹೌದು, ನಾನು ಅಲ್ಲೇ, ಗುಡಿಯೆದುರೇ ಉಗುಳಿದೆ. ಆವರೆಗೆ ಉಗುಳಿದವನನ್ನು ಬೈದವಳು ನಾನೇ.

ಅಕ್ಕ ಎದ್ದು ನಿಂತಳು. ಜನ ದಾರಿ ಬಿಟ್ಟರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಗುಡಿಯ ಬಾಗಿಲವರೆಗೆ ನಡೆದಳು. ಹಳದಿ ಮೆತ್ತೆಯ ಮುಂದೆ ನಿಂತಳೇ ಹೊರತು ಮಂಡಿಯೂರಲಿಲ್ಲ, ತಲೆ ಬಾಗಿಸಲೂ ಇಲ್ಲ. ಮೈಕಿನವನು ಇಳಿದು ಬಂದು ಪಕ್ಕದಲ್ಲಿ ನಿಂತಿದ್ದ. ಅವಳು ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ ಒಳಗಿನ ಕಪ್ಪು ಮುಖದ ದೊರೆಯ ಹತ್ತಿರ ಮಾತಾಡಿದಳು.

"ದೊರೆ, ನಾನು ನಿನ್ನ ಹತ್ರ ಏನೂ ಕೇಳ್ಲಿಲ್ಲ. ಕೇಳ್ದೆ ಇರೋದಕ್ಕೆ ನಾನು ತಲೆ ಬಾಗ್ಸಲ್ಲ. ಕೇಳಿದೋನು ಅಲ್ಲಿ ನಿಂತಿದಾನೆ. ಅವನೇ ಬಂದು ತೀರಿಸ್ಲಿ."

ಇಷ್ಟು ಹೇಳಿ ಪಕ್ಕಕ್ಕೆ ಸರಿದು ನಿಂತಳು.

ಜನರೆಲ್ಲ, ಮತ್ತೆ ಕಂಬದ ಹಿಂದೆ ಸೇರಿಕೊಂಡಿದ್ದ ದುಂಝಿಯ ಕಡೆ ತಿರುಗಿದರು. ಅವನು ಓಡಿಹೋಗಬಹುದಿತ್ತು. ಓಡಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಆದರೆ ಕುರ್ಚಿ ಹೋದೀತು ಎಂಬ ಭಯ ಅವನಿಗೆ ಎರಡೂ ಕಡೆಯಿಂದ ಇತ್ತು: ಇತ್ತ ನಿಂತರೆ ದೊರೆ ಕಿತ್ತುಕೊಳ್ಳುತ್ತಾನೆ, ಅತ್ತ ಹೋದರೆ ಮೇಲಿನವರು. ಸ್ವಲ್ಪ ಹೊತ್ತು ಕಂಬ ತಬ್ಬಿ ನಿಂತ. ಆಮೇಲೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಮಾಸ್ಕನ್ನು ಕನ್ನಡಕದವರೆಗೆ ಏರಿಸಿಕೊಂಡು, ಬಂದು ಧೊಪ್ಪನೆ ಮೆತ್ತೆಯ ಮೇಲೆ ಬಿದ್ದ.

"ಹೆಸರು, ಊರು ಹೇಳಿ ಅಣ್ಣ" ಎಂದು ಮೈಕಿನವನು ಮೈಕನ್ನು ಅವನ ಬಾಯಿಗೆ ಹಿಡಿದ. ಕೆಟ್ಟ ಮನಸ್ಸಿನಿಂದಲ್ಲ, ಅಲ್ಲಿನ ರಿವಾಜೇ ಹಾಗೆ. "ಜೋರಾಗಿ ಹೇಳಿ. ಯಾರ ಋಣ ತೀರಿತು ಅಂತ ದೊರೆಗೆ ಗೊತ್ತಾಗ್ಬೇಕಲ್ಲ."

ದುಂಝಿ ಸುತ್ತ ನೋಡಿದ. ಹತ್ತಾರು ಮೊಬೈಲುಗಳು ಎದ್ದಿದ್ದವು. ಆಮೇಲೆ ಅವನ ದಪ್ಪ ಗಂಡುದನಿ ಧ್ವನಿವರ್ಧಕದಲ್ಲಿ ಕಣಿವೆಗೆಲ್ಲ ಕೇಳುವ ಹಾಗೆ ಬಂತು:

"ಹೆನಾನ್ ಪ್ರಾಂತ್ಯ. ಲುವಾನ್ ಸೂಯಿಂಗ್."

"ಅಯ್ಯೋ, ಗಡ್ಡ ಬಂದ ಅಜ್ಜಿ ಕಣ್ರೋ!" ಎಂದು ಯಾರೋ ಕೂಗಿದರು. ನಗು ಎದ್ದಿತು. ರಂಗಸ್ಥಳದ ಮೇಲೆ ಬಣ್ಣ ಹಚ್ಚಿ ನಿಂತಿದ್ದ ರಾಜನ ವೇಷದವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಯಾಲಿ ಮುಖ ಮುಚ್ಚಿಕೊಂಡು ಜನರ ಹಿಂದೆ ಸರಿದಳು. ದುಂಝಿ ಆ ನಗುವಿನ ನಡುವೆಯೇ ನೆಲಕ್ಕೆ ಹಣೆ ಚಚ್ಚಿದ, ಮತ್ತೆ ಚಚ್ಚಿದ, ಮತ್ತೆ ಚಚ್ಚಿದ. ಪ್ರತಿ ಸಲವೂ ತಾಯಿಯ ಹೆಸರನ್ನೇ ಗೊಣಗಿದ. ತಾಯಿ ಅವನಿಂದ ಎರಡು ಮಾರು ದೂರದಲ್ಲಿ ನಿಂತು ನೋಡುತ್ತಿದ್ದಳು. ಜೀವಮಾನದಲ್ಲಿ ನಾನು ಹಂದಿಯ ಕರುಳು ತೊಳೆದಿದ್ದೇನೆ, ಕೆಟ್ಟ ಸೋಯಾ ನೀರು ಚೆಲ್ಲಿದ್ದೇನೆ, ಸತ್ತ ಭಾವನ ಮೈ ಒರೆಸಿದ್ದೇನೆ. ಯಾವುದಕ್ಕೂ ಆಗದ ವಾಕರಿಕೆ ಅದನ್ನು ನೋಡಿ ಬಂತು.

ಅಕ್ಕ ನಗಲಿಲ್ಲ, ಅಳಲೂ ಇಲ್ಲ. ನನ್ನ ತೋಳು ಹಿಡಿದು, "ನಡಿ" ಎಂದಳು. ಹಿಂದೆ ಆಟದ ಡೋಲು ಶುರುವಾಯಿತು. ನಾವು ಊದುಬತ್ತಿ ಅಂಗಡಿಗಳ ಸಾಲು ದಾಟಿ ಬಸ್ಸು ನಿಲ್ಲುವ ಜಾಗಕ್ಕೆ ಬಂದೆವು. ಅವಳು ಕಲ್ಲಿನ ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಂಡಳು.

"ಇಲ್ಲಿಂದ ಜ್ಯುಹುವಾಗೆ ಹೆಂಗೆ ಹೋಗೋದು?"

"ಬಸ್ಸಲ್ಲಿ ಇಳಿದು ರೈಲು ಹಿಡೀಬೇಕು. ದೂರ ಇದೆ ಅಕ್ಕ. ನಿನ್ನ ಮಂಡಿ..."

"ಹೋಗೋಣ. ನಾನಿಲ್ಲಿ ತಲೆ ಬಾಗ್ಸಿಲ್ಲ. ಇದು ನನ್ನ ಬೆಟ್ಟ ಅಲ್ಲ."

ನನಗೆ ಖುಷಿಯಾಯಿತು. "ಹಬ್ಬಕ್ಕೆ ಮುಂಚೆ ಮುಟ್ತೀವಿ ಬಿಡು. ಭಾವನಿಗಾಗಿ ಬೇಡ್ಕೊಂಡು ಬಂದುಬಿಡೋಣ."

"ಇಬ್ಬರಿಗಾಗಿ ಬೇಡ್ಬೇಕು ಈಗ" ಎಂದಳು.

ನನಗೆ ರೇಗಿಹೋಯಿತು. "ಆ ಹೇಸಿಗೆಗಾಗೂ ಬೇಡ್ತೀಯಾ? ಇಷ್ಟಾದ್ಮೇಲೂ? ತಾಯಿ ಅನ್ನೋಳಿಗೆ ಒಂಚೂರಾದ್ರೂ ರೋಷ ಬೇಡ್ವಾ?"

ಅಕ್ಕ ನನ್ನ ಮುಖ ನೋಡಿದಳು.

"ಅವನಿಗಲ್ಲ ಕಣೆ, ನನಗೆ. ನಿನ್ನ ಭಾವ ಕೊಂದಿದ್ದೆಲ್ಲ ತನ್ನ ಹೆಸರಲ್ಲೇ ಕೊಂದ. ಯಮ ಕೇಳಿದ್ರೆ ಹೂಂ, ನಾನೇ ಅಂತಾನೆ. ಇವನು ಅಲ್ಲಿಗೆ ಹೋಗಿ ನಿಂತಾಗ್ಲೂ ನನ್ನ ಹೆಸರೇ ಹೇಳ್ತಾನೆ."